ನೈಟ್ ಡ್ಯೂಟಿ ಮುಗಿಸಿ ಬಂದರೂ ನಿದ್ದೆ ಬರುತ್ತಿಲ್ಲ, ಏನು ಮಾಡಲಿ?

ಐಸಿಯು ಸಿಸ್ಟರ್, ಕೋಲಾರ:
ನಾನು ಸ್ಟಾಫ್ ನರ್ಸ್, ಹತ್ತು ವರ್ಷದ ಸರ್ವೀಸ್. ಈ ವಾರ ನೈಟ್, ರಾತ್ರಿ 8ರಿಂದ ಬೆಳಿಗ್ಗೆ 8. ಎಂಟು ರೋಗಿಗಳಿಗೆ ನಾವು ಇಬ್ಬರೇ. ಹ್ಯಾಂಡೋವರ್ ಕೊಟ್ಟು ಮನೆ ಸೇರುವಾಗ ಒಂಬತ್ತೂವರೆ. ಮನೆ ಎಪಿಎಂಸಿ ಹತ್ತಿರ. ಟೊಮೆಟೊ ಸೀಸನ್ ಬಂದರೆ ಲಾರಿಗಳ ಹಾರ್ನ್ ನಿಲ್ಲುವುದೇ ಇಲ್ಲ. ಅದನ್ನಾದರೂ ತಡೆದುಕೊಳ್ಳಬಹುದು. ಕಣ್ಣು ಮುಚ್ಚಿದರೆ ಮಾನಿಟರ್ ಕೂಗಿದ ಹಾಗಾಗುತ್ತದೆ. ಗಾಬರಿಯಾಗಿ ಎದ್ದು ಕೂರುತ್ತೇನೆ. ಪಕ್ಕದ ಮನೆಯ ಕುಕ್ಕರ್ ವಿಶಲ್ ಆಗಿರುತ್ತದೆ.

ಹೋದ ತಿಂಗಳು ಒಬ್ಬ ಹುಡುಗ ತೀರಿಕೊಂಡ. ಅವನ ತಾಯಿ ನನ್ನ ಕೈ ಹಿಡಿದು, "ಸಿಸ್ಟರ್, ಕೊನೆಗೆ ನೀರು ಕೇಳಿದ್ನಾ?" ಎಂದರು. ನಾನು ಆಗ ಇನ್ನೊಂದು ಬೆಡ್ ಹತ್ತಿರ ಇದ್ದೆ. ನನಗೆ ಗೊತ್ತಿರಲಿಲ್ಲ. ಮಲಗಿದರೆ ಆ ಮಾತೇ ಬರುತ್ತದೆ.

ಮೊನ್ನೆ ಬೆಳಗಿನ ಜಾವ 4ಕ್ಕೆ ಒಂದು ಡೋಸ್ ಲೆಕ್ಕ ಮೂರು ಸಲ ಹಾಕಿದೆ. ಮೂರು ಸಲವೂ ಬೇರೆ ಬೇರೆ ಉತ್ತರ. ಜೊತೆಯವಳನ್ನು ಕರೆದು ನೋಡಿಸಿ, ಆಮೇಲೆ ಕೊಟ್ಟೆ. ಅವತ್ತಿಂದ ಭಯ ಹತ್ತಿದೆ. ಅವಳು ಆತಂಕ ಇಳಿಸಿ ನಿದ್ದೆ ಬರಿಸುವ ಆಲ್ಪ್ರಾಜೋಲಾಮ್ ಮಾತ್ರೆ ತಗೋ ಅನ್ನುತ್ತಾಳೆ. ತಗೊಳ್ಳಬಹುದಾ?

ಚಾಂಪಿಯನ್ ರೀಫ್ ಮಗಳು, ಕೆಜಿಎಫ್:
ಅಕ್ಕಾ, ನಾನೂ ನರ್ಸ್. ನಮ್ಮಪ್ಪ ಚಿನ್ನದ ಗಣಿಯಲ್ಲಿದ್ದರು, 2001ರಲ್ಲಿ ಮುಚ್ಚುವವರೆಗೂ. ಅವರು ರಾತ್ರಿ ಪಾಳಿ ಮುಗಿಸಿ ಬಂದರೆ ಅಮ್ಮ ಕಿಟಕಿಗೆ ಕಂಬಳಿ ಕಟ್ಟುತ್ತಿದ್ದರು. ನಾವು ಮಕ್ಕಳು ಪಿಸುಮಾತು. ಈಗ ನಾನು ನೈಟ್ ಮುಗಿಸಿ ಬಂದರೆ, "ಸಾರಿಗೆ ಬೇಳೆ ಎಷ್ಟು ಹಾಕಲಿ?" ಅಂತ ಮನೆಯಲ್ಲಿ ಬಾಗಿಲು ತಟ್ಟುತ್ತಾರೆ. ಪಾಳಿ ಒಂದೇ ಅಲ್ವಾ? ಮನೆಯಲ್ಲಿ ಕೂರಿಸಿ ಹೇಳಿ. ಒಬ್ಬರೇ ನುಂಗಿಕೊಳ್ಳಬೇಡಿ.

ರಿಟೈರ್ಡ್ ಸಿಸ್ಟರ್, ಮಾಲೂರು:
ಮಗಳೇ, ಆ ಮಾತ್ರೆ ನೀನಾಗಿ ಮುಟ್ಟಬೇಡ. ಅಭ್ಯಾಸವಾಗಿಬಿಡುತ್ತದೆ. ಆಮೇಲೆ ದಿಢೀರನೆ ಬಿಡುವುದೂ ಅಪಾಯ. ನೀನು ನರ್ಸ್, ನಿನಗೆ ಗೊತ್ತು. ಆದರೂ ಸುಸ್ತಾದಾಗ ಕೈ ಹೋಗುತ್ತದೆ.

ಬೆಳಗಿನ ಜಾವ 4ರ ಹೊತ್ತಿಗೆ ಮೈ ಬಿಸಿ ತೀರಾ ಇಳಿದಿರುತ್ತದೆ, ತಲೆಯೂ ಮಂದ. ಲೆಕ್ಕ ತಪ್ಪಿದ್ದು ನಿನ್ನ ಅಸಡ್ಡೆಯಲ್ಲ. ಇನ್ನೊಬ್ಬರಿಗೆ ತೋರಿಸಿ ಕೊಟ್ಟೆಯಲ್ಲ, ಅದನ್ನು ಬಿಡಬೇಡ. ಸಾಧ್ಯವಾದರೆ ಸರದಿ ಮೇಲೆ 20 ನಿಮಿಷ ಜೊಂಪು ಹತ್ತಲಿ. ಕೊನೆಯ ಟೀ ರಾತ್ರಿ 2ರೊಳಗೆ ಮುಗಿಸು. ಕೆಫೀನ್ ಅರ್ಧ ಇಳಿಯುವುದಕ್ಕೇ ಐದಾರು ಗಂಟೆ ಬೇಕು. ಬೆಳಗಿನ ಬಿಸಿಲು ಬಿದ್ದರೆ ಮೈಗೆ ಹಗಲಾಯಿತು ಅನ್ನಿಸುತ್ತದೆ, ಬರುವಾಗ ಕಪ್ಪು ಕನ್ನಡಕ ಹಾಕಿಕೋ. ಮಂಪರು ಜಾಸ್ತಿ ಇದ್ದರೆ ಸ್ಕೂಟರ್ ಬೇಡ, ಬಸ್ಸಿಗೆ ಬಾ.

ಆ ತಾಯಿಯ ಮಾತು ಮಾತ್ರ ಕನ್ನಡಕ, ಟೀ ಲೆಕ್ಕದಲ್ಲಿ ಹೋಗುವುದಲ್ಲ. ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, ನಂಬರ್ 14416. 2022ರಲ್ಲಿ ಶುರುವಾಯಿತು. ದುಡ್ಡಿಲ್ಲ, ರಾತ್ರಿ ಹಗಲು ಇರುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ನಾನು ಸರ್ವೀಸಿನಲ್ಲಿದ್ದಾಗ ಇಂಥದ್ದು ಇರಲಿಲ್ಲ. ನನ್ನ ಪೇಷೆಂಟುಗಳಲ್ಲಿ ಇಬ್ಬರು ಈಗಲೂ ನನ್ನ ಕನಸಿಗೆ ಬರುತ್ತಾರೆ.

ಐಸಿಯು ಸಿಸ್ಟರ್, ಕೋಲಾರ:
ಮಾತ್ರೆ ತಗೊಳ್ಳಲಿಲ್ಲ ಅಮ್ಮಾ. ನಮ್ಮನೆಯವರು ಕಿಟಕಿಗೆ ರಗ್ಗು ಕಟ್ಟಿದರು. ಲಾರಿ ಸದ್ದು ಹಾಗೇ ಇದೆ. ನಿನ್ನೆ 14416ಕ್ಕೆ ಫೋನ್ ಮಾಡಿ ಆ ಹುಡುಗನ ವಿಷಯ ಹೇಳಿದೆ. ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ. ಸೋಮವಾರ ಮನೋವೈದ್ಯರ ಹತ್ತಿರ ಹೋಗುತ್ತೇನೆ. ಇವರೂ ಜೊತೆಗೆ ಬರುತ್ತಾರಂತೆ.