ಸವೆದ ಏಳಿಂಚಿನ ಡಿಸ್ಕ್, ನಾಲ್ಕಿಂಚಿನ ಗ್ರೈಂಡರ್: ಗುಂಪಿನಲ್ಲಿ ಕೇಳಿದ್ದು, ಹೇಳಿದ್ದು

ಪ್ರಶ್ನೆ: ಕುಮಟಾ, ಬಾರ್ ಬೆಂಡಿಂಗ್ ಕಲಿಯುತ್ತಿರುವವ

ಹಿರಿಯರಿಗೆಲ್ಲ ನಮಸ್ಕಾರ. ನಮ್ಮ ಸೈಟಿನಲ್ಲಿ ಇರುವುದು 4 ಇಂಚಿನ ಗ್ರೈಂಡರ್ ಒಂದೇ. ಬೇರೆ ಕಡೆಯಿಂದ ಬಂದ 7 ಇಂಚಿನ ಕಟಿಂಗ್ ಡಿಸ್ಕ್ ಸವೆದು ಅಂಗೈಯಗಲ ಆದಮೇಲೂ ಬಿಸಾಡುವುದಿಲ್ಲ. ಗಾರ್ಡ್ (ಡಿಸ್ಕಿನ ರಕ್ಷಣೆಯ ಕವಚ) ಬಿಚ್ಚಿ ಅದನ್ನೇ ಈ ಮಷಿನಿಗೆ ಹಾಕಿ 12 ಎಂಎಂ ಟಿಎಂಟಿ ಸರಳು ಕತ್ತರಿಸುತ್ತಾರೆ. "ಸವೆದು ಚಿಕ್ಕದಾಯ್ತಲ್ಲ, ಈಗ ಸರೀ ಕೂರ್ತದೆ" ಅಂತ ಮೇಸ್ತ್ರಿ ಹೇಳ್ತಾರೆ. ಇದು ಸರಿಯಾ? ಇನ್ನೊಂದು, ಮಷಿನಿನ ವೈರಿಗೆ ಎರಡೇ ಪಿನ್ನು, ಅರ್ಥ್ ಇಲ್ಲ. ಮಳೆಗಾಲದಲ್ಲಿ ಮುಟ್ಟಲಿಕ್ಕೇ ಹೆದರಿಕೆ.

ಉತ್ತರ: ಕಾರವಾರ, ಫ್ಯಾಬ್ರಿಕೇಶನ್ ಕೆಲಸ

ತಪ್ಪು. ಡಿಸ್ಕಿನ ಮೇಲೆ ನಿಮಿಷಕ್ಕೆ ಎಷ್ಟು ಸುತ್ತು ತಡೆಯುತ್ತದೆ ಎಂಬ ಗರಿಷ್ಠ ಆರ್‌ಪಿಎಂ ಬರೆದಿರುತ್ತದೆ, ಅದನ್ನು ಓದು. 4 ಇಂಚಿನದಕ್ಕೆ ಸುಮಾರು 15,300, 5 ಇಂಚಿಗೆ 12,200, 7 ಇಂಚಿಗೆ 8,500ರ ಆಸುಪಾಸು. ನೆಲದ ಮೇಲಿಟ್ಟು ಕತ್ತರಿಸುವ ಚಾಪ್ ಸಾ ಮಷಿನಿನ 14 ಇಂಚಿನ ದೊಡ್ಡ ಡಿಸ್ಕಿಗೆ 4,300 ಅಷ್ಟೇ. ನಿನ್ನ ಚಿಕ್ಕ ಗ್ರೈಂಡರ್ ತಿರುಗುವುದು 11,000ದಿಂದ 12,000. 8,500ರ ಡಿಸ್ಕನ್ನು 11,000ದಲ್ಲಿ ತಿರುಗಿಸಿದರೆ ಒಡೆದು ಹಾರುತ್ತದೆ, ಮತ್ತೇನು.

ಉತ್ತರ: ಶಿರಸಿ, ಮಷಿನ್ ರಿಪೇರಿ

ಮೇಲಿನವರು ಬೇಡ ಅಂದದ್ದು ಸರಿ, ಆದರೆ ಕಾರಣ ಅರ್ಧ ಮಾತ್ರ. ಆ ಮೇಸ್ತ್ರಿಗೂ ಸ್ವಲ್ಪ ಲೆಕ್ಕ ಗೊತ್ತಿದೆ, ಹಾಗಾಗಿ ಬರೀ ಆರ್‌ಪಿಎಂ ತೋರಿಸಿದರೆ ಅವರು ಒಪ್ಪುವುದಿಲ್ಲ.

ಡಿಸ್ಕ್ ಒಡೆಯುವುದು ಅಂಚಿನ ವೇಗದಿಂದ. ಈ ಡಿಸ್ಕುಗಳನ್ನೆಲ್ಲ ಅಂಚಿನಲ್ಲಿ ಸೆಕೆಂಡಿಗೆ 80 ಮೀಟರ್ ಎಂಬ ಮಿತಿಗೆ ಮಾಡಿರುತ್ತಾರೆ. 11,000 ಆರ್‌ಪಿಎಂನಲ್ಲಿ 4 ಇಂಚಿನ ಡಿಸ್ಕಿನ ಅಂಚು ಸೆಕೆಂಡಿಗೆ 58 ಮೀಟರ್ ಓಡುತ್ತದೆ, 5 ಇಂಚಿನದು 72. ಹೊಸ 7 ಇಂಚಿನದು ಹಾಕಿದರೆ 104. ಅದು ಮಿತಿ ದಾಟಿತು, ಒಡೆಯುತ್ತದೆ. ಆದರೆ ಸವೆದು 110 ಮಿ.ಮೀ. ಆದ 7 ಇಂಚಿನ ಡಿಸ್ಕಿನ ಅಂಚು ಓಡುವುದು 63 ಮೀಟರ್ ಮಾತ್ರ. ವೇಗದ ಲೆಕ್ಕದಲ್ಲಿ ಮೇಸ್ತ್ರಿ ಗೆದ್ದರು.

ಸೋಲುವುದು ನಡುವಿನ ತೂತಿನಲ್ಲಿ. 4 ಇಂಚಿನ ಡಿಸ್ಕಿನ ತೂತು 16 ಮಿ.ಮೀ. 5, 7, 9 ಇಂಚಿನವಕ್ಕೆಲ್ಲ 22.23 ಮಿ.ಮೀ. ನಿನ್ನ ಮಷಿನಿನ ಒಳ ಫ್ಲಾಂಜಿನ (ಡಿಸ್ಕ್ ಕೂರುವ ಬಿಲ್ಲೆಯ) ಮೆಟ್ಟಿಲು 16ಕ್ಕೆ ಮಾಡಿದ್ದು. ಅಂದರೆ 6 ಮಿ.ಮೀ.ಗಿಂತ ಜಾಸ್ತಿ ಆಟ. ಕೈಯಂದಾಜಿಗೆ ನಡುವೆ ಕೂರಿಸಿ ನಟ್ ಬಿಗಿದರೂ ಒಂದೆರಡು ಮಿ.ಮೀ. ಆಚೀಚೆ ಆಗಿಯೇ ಇರುತ್ತದೆ. ತಗಡು ಸುತ್ತಿ, ವಾಶರ್ ಹಾಕಿ ಹೊಂದಿಸಿದರೂ ಅಷ್ಟೇ. ಆ ಓರೆ ತೂಕ ಸೆಕೆಂಡಿಗೆ 180 ಸಲ ಎಳೆಯುತ್ತದೆ. ಮೊದಲು ಕೈ ಜುಮ್ ಅನ್ನುತ್ತದೆ, ಆಮೇಲೆ ಬೇರಿಂಗ್ ಹೋಗುತ್ತದೆ. ನಡುವೆ ಎಲ್ಲೋ ಒಮ್ಮೆ ಸರಳಿನ ಕೊರೆತದಲ್ಲಿ ಡಿಸ್ಕ್ ಸಿಕ್ಕಿ ಚೂರಾಗುತ್ತದೆ. 7 ಇಂಚಿನ ಡಿಸ್ಕಿಗೆ ಹಿಡಿತ ಕೊಡಲು ಫ್ಲಾಂಜೂ ದೊಡ್ಡದೇ ಬೇಕು, ಚಿಕ್ಕ ಮಷಿನಿನದು ಸಾಲದು. ಇಷ್ಟಾದಮೇಲೆ ಗಾರ್ಡೂ ಇಲ್ಲ. ಚೂರು ಹೊರಡುವ ದಾರಿಯಲ್ಲಿ ಇರುವುದು ನಿನ್ನ ಮುಖ.

ಗಾರ್ಡ್ ಬಿಚ್ಚದೆ ಒಂದು ಡಿಸ್ಕ್ ಕೂರುವುದಿಲ್ಲ ಅಂದರೆ ಅದು ಆ ಮಷಿನಿನ ಡಿಸ್ಕ್ ಅಲ್ಲ. ಇದಿಷ್ಟು ನೆನಪಿದ್ದರೆ ಆರ್‌ಪಿಎಂ ಮರೆತರೂ ನಡೆದೀತು.

ಪ್ರಶ್ನೆ: ಕುಮಟಾದವನೇ

ಅರ್ಥ ಆಯ್ತು ಸರ್. ಸರಿಯಾದ 4 ಇಂಚಿನ ತೆಳು ಡಿಸ್ಕ್ ತಂದೆ, 105 ಎಂಎಂ, ದಪ್ಪ 1.2. ನಟ್ ಬಿಗಿದರೂ ಡಿಸ್ಕ್ ಜಾರ್ತಾ ಇದೆ. ನಟ್ಟಿನ ಗುಣಿ (ಥ್ರೆಡ್) ಹೋಗಿದೆಯಾ?

ಉತ್ತರ: ಶಿರಸಿ, ಮಷಿನ್ ರಿಪೇರಿ

ಗುಣಿ ಹೋಗಿಲ್ಲ ತಮಾ, ನಟ್ ಮಗುಚಿ ಹಾಕಿದ್ದೀಯ. ಹೊರಗಿನ ನಟ್ಟಿಗೆ ಎರಡು ಮುಖ: ಒಂದು ಚಪ್ಪಟೆ, ಇನ್ನೊಂದರಲ್ಲಿ ನಡುವೆ ಉಬ್ಬು. 6 ಮಿ.ಮೀ. ದಪ್ಪದ ಉಜ್ಜುವ ಡಿಸ್ಕಿಗೆ ಉಬ್ಬು ಒಳಗೆ ಹೋಗಬೇಕು. 1.2ರ ತೆಳು ಡಿಸ್ಕಿಗೂ ಹಾಗೇ ಹಾಕಿದರೆ ಉಬ್ಬು ಹೋಗಿ ಒಳ ಫ್ಲಾಂಜಿಗೆ ತಾಗಿ ನಿಲ್ಲುತ್ತದೆ, ನಡುವಿನ ಡಿಸ್ಕಿಗೆ ಹಿಡಿತವೇ ಸಿಗುವುದಿಲ್ಲ. ಚಪ್ಪಟೆ ಮುಖ ಡಿಸ್ಕಿನ ಕಡೆ ಮಾಡಿ ಬಿಗಿ.

ಪ್ಲಗ್ ಕಿತ್ತ ಮೇಲೆಯೇ ಡಿಸ್ಕ್ ಬದಲಿಸಬೇಕು. ಸ್ವಿಚ್ ಆಫ್ ಮಾಡಿದರೆ ಸಾಕು ಅನ್ನಬೇಡ, ಗ್ರೈಂಡರಿನ ಜಾರು ಸ್ವಿಚ್ ಮೊಣಕಾಲು ತಾಗಿದರೂ ಆನ್ ಆಗುತ್ತದೆ. ಹೊಸ ಡಿಸ್ಕ್ ಹಾಕಿದಮೇಲೆ ಅದರ ಸಾಲಿನಿಂದ ಪಕ್ಕಕ್ಕೆ ನಿಂತು ಅರ್ಧ ನಿಮಿಷ ಖಾಲಿ ಓಡಿಸು. ಬಿರುಕಿದ್ದರೆ, ಓರೆ ಇದ್ದರೆ ಅಲ್ಲೇ ಗೊತ್ತಾಗುತ್ತದೆ. ತೆಳು ಡಿಸ್ಕಿನ ಪಕ್ಕೆಯಿಂದ ಉಜ್ಜಬೇಡ. ಸರಳಿನ ತುದಿಯ ಮುಳ್ಳು ತೆಗೆಯಲು ಎಲ್ಲರೂ ಮಾಡುತ್ತಾರೆ, ಡಿಸ್ಕ್ ಮುರಿಯುವುದು ಜಾಸ್ತಿ ಅಲ್ಲೇ.

ಸರಳು ಕತ್ತರಿಸುವಾಗ ಕೊರೆತ ಬಾಯಿ ಬಿಡುವ ಹಾಗೆ ಆಧಾರ ಕೊಡಬೇಕು. ಎರಡೂ ತುದಿಗೆ ಇಟ್ಟಿಗೆ ಇಟ್ಟು ನಡುವೆ ಕತ್ತರಿಸಿದರೆ ಸರಳು ಜಗ್ಗಿ ಕೊರೆತ ಮುಚ್ಚಿಕೊಳ್ಳುತ್ತದೆ, ಡಿಸ್ಕನ್ನು ಕಚ್ಚುತ್ತದೆ, ಮಷಿನ್ ಹಿಂದಕ್ಕೆ ಒದೆಯುತ್ತದೆ. ಕತ್ತರಿಸಿ ಬೀಳಬೇಕಾದ ತುಂಡು ಆಧಾರದಿಂದ ಹೊರಗೆ ಚಾಚಿರಲಿ. ಸರಳನ್ನು ಹವಾಯಿ ಚಪ್ಪಲಿಯ ಕಾಲಲ್ಲಿ ಮೆಟ್ಟಿ ಹಿಡಿಯುವ ಚಾಳಿ ಬಿಡು. ಪಕ್ಕದ ಹಿಡಿಕೆ ಹಾಕಿ ಎರಡೂ ಕೈಯಲ್ಲಿ ಹಿಡಿ. ಕನ್ನಡಕ ಬೇಕೇ ಬೇಕು. ಹೆಗಲ ಮೇಲಿನ ಟವೆಲ್ ತೆಗೆದಿಡು. ಕಿಡಿ ಹಾರುವ ದಿಕ್ಕಿಗೆ ಸೋಗೆ, ಒಣ ಮಡಲು ಇಲ್ಲವಾ ನೋಡಿಕೋ. ಹೊದೆಸಿದ ಮಾಡಿನ ಕೆಳಗೆ ಕತ್ತರಿಸಿದರೆ ಕಿಡಿ ಒಳಗೇ ಕೂತು ಒಂದು ಗಂಟೆ ಬಿಟ್ಟು ಹೊಗೆ ಏಳುತ್ತದೆ.

ಪ್ರಶ್ನೆ: ಹೊನ್ನಾವರ, ಸೆಂಟ್ರಿಂಗ್

ಇದೇ ಗ್ರೈಂಡರಿಗೆ ಹಲ್ಲಿನ ಬ್ಲೇಡ್ ಹಾಕಿ ಪ್ಲೈ ಕತ್ತರಿಸ್ತೇವೆ. ಅಂಗಡಿಯಲ್ಲಿ 4 ಇಂಚಿನದೇ ಸಿಗ್ತದಲ್ಲ?

ಉತ್ತರ: ಕಾರವಾರ, ಫ್ಯಾಬ್ರಿಕೇಶನ್ ಕೆಲಸ

ಸಿಗುತ್ತದೆ, ಹಾಕಬಾರದು. ಉಜ್ಜುವ ಡಿಸ್ಕ್ ಸಿಕ್ಕಿಕೊಂಡರೆ ಸವೆಯುತ್ತದೆ ಅಥವಾ ಮುರಿಯುತ್ತದೆ. ಹಲ್ಲು ಸಿಕ್ಕಿದರೆ ಮರವನ್ನು ಕಚ್ಚಿ ಮಷಿನನ್ನೇ ಏರಿಸಿಕೊಂಡು ಬರುತ್ತದೆ. ಗ್ರೈಂಡರಿನ ಗಾರ್ಡ್ ಅರ್ಧ ಸುತ್ತು ಮಾತ್ರ, ಹಲಗೆ ಮೇಲೆ ಕೂರುವ ತಳವೂ ಇಲ್ಲ. ಪ್ಲೈಗೆ 7 ಇಂಚಿನ ಸರ್ಕ್ಯುಲರ್ ಸಾ ತನ್ನಿ. ಕೆಳಗಿನ ಗಾರ್ಡ್ ಸ್ಪ್ರಿಂಗಿನಿಂದ ತಾನೇ ಮುಚ್ಚಬೇಕು, ಅದನ್ನು ತಂತಿಯಿಂದ ಮೇಲೆ ಕಟ್ಟಿಡಬೇಡಿ. ಬ್ಲೇಡ್ ಪ್ಲೈಯಿಂದ ಕೆಳಗೆ ಕಾಲು ಇಂಚಿನಷ್ಟು ಇಣುಕಿದರೆ ಸಾಕು.

ಉತ್ತರ: ಅಂಕೋಲಾ, ವೈರಿಂಗ್

ಎರಡು ಪಿನ್ನಿನ ಪ್ರಶ್ನೆ ಹಾಗೇ ಉಳಿದಿದೆ. ಮಷಿನಿನ ಪ್ಲೇಟ್ ನೋಡು. ಚೌಕದೊಳಗೆ ಚೌಕದ ಗುರುತು ಇದ್ದರೆ ಅದು ಡಬಲ್ ಇನ್ಸುಲೇಶನ್ ಮಷಿನ್, ಅಂದರೆ ಕರೆಂಟ್ ಮೈಗೆ ಬರದಂತೆ ಒಳಗೆ ಎರಡು ಪದರ ತಡೆ. ಅದಕ್ಕೆ ಅರ್ಥ್ ಬೇಕಿಲ್ಲ, ನಕಲಿಯೂ ಅಲ್ಲ. ಆ ಗುರುತು ಇಲ್ಲದ, ಲೋಹದ ಮೈಯ ಹಳೆ ಮಷಿನ್ ಎರಡು ಪಿನ್ನಿನಲ್ಲಿ ನಡೆಯುತ್ತಿದ್ದರೆ ಯಾರೋ ಅರ್ಥ್ ತಂತಿ ಕತ್ತರಿಸಿದ್ದಾರೆ, ಮುಟ್ಟಬೇಡ.

ಆದರೆ ಡಬಲ್ ಇನ್ಸುಲೇಶನ್ ಒಣ ಮಷಿನಿನ ಮಾತು. ಗಾಳಿಕಿಂಡಿಯಿಂದ ನೀರು ಒಳಗೆ ಹೋದರೆ ಎರಡೂ ಪದರ ಒಟ್ಟಿಗೇ ಹೋದ ಹಾಗೆ. ನಮ್ಮ ಕರಾವಳಿಯಲ್ಲಿ ಜೂನಿನಿಂದ ಮಷಿನ್ ಒಣಗಿರುವುದೇ ಅಪರೂಪ, ಗಾಳಿಯಲ್ಲಿ ಉಪ್ಪು ಬೇರೆ. ಹಾಗಾಗಿ ಸೈಟಿನ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಲೇಬೇಕು. 100, 300 ಮಿಲಿಆಂಪಿಯರಿನವೂ ಸಿಗುತ್ತವೆ. ಅವು ಬೆಂಕಿ ತಡೆಯಲು, ಜೀವ ಉಳಿಸಲು ಅಲ್ಲ. ಹೋದ ಕರೆಂಟ್ ಅಷ್ಟೂ ವಾಪಸು ಬಂತಾ ಎಂದು ಆರ್‌ಸಿಸಿಬಿ ನೋಡುತ್ತದೆ, ಮೈಯಿಂದ ನೆಲಕ್ಕೆ ಸೋರಿದರೆ ಬಿಡಿಸುತ್ತದೆ. ಹಾಗಾಗಿ ಅರ್ಥ್ ಸರಿ ಇಲ್ಲದ ಹಳೆ ಮನೆಯಲ್ಲೂ ಕೆಲಸ ಮಾಡುತ್ತದೆ. ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಹಿಡಿದರೆ ಮಾತ್ರ ಅದಕ್ಕೆ ಗೊತ್ತಾಗುವುದಿಲ್ಲ. ಓವರ್‌ಲೋಡಿಗೂ ಬೀಳುವುದಿಲ್ಲ, ಅದಕ್ಕೆ ಎಂಸಿಬಿ ಬೇರೆ ಬೇಕು. ಕೆಲಸ ಶುರು ಮಾಡುವ ಮೊದಲು ಟೆಸ್ಟ್ ಗುಂಡಿ ಒತ್ತಿ ಬೀಳುತ್ತದಾ ನೋಡು. ಚಿಕ್ಕ ಜನರೇಟರಿನಲ್ಲಿ ನಡೆಸುವಾಗ ಜಾಗ್ರತೆ: ಅದರ ನ್ಯೂಟ್ರಲ್ ಅರ್ಥಿಗೆ ಕಟ್ಟಿರದಿದ್ದರೆ ಗುಂಡಿ ಒತ್ತಿದಾಗ ಬಿದ್ದ ಆರ್‌ಸಿಸಿಬಿಯೂ ನಿಜವಾದ ಸೋರಿಕೆಗೆ ಬೀಳದೇ ಇರಬಹುದು.

ಎಕ್ಸ್‌ಟೆನ್ಶನ್ ಬಗ್ಗೆ ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಕಾಂಕ್ರೀಟ್ ಒಡೆಯುವ 1500 ವ್ಯಾಟಿನ ಬ್ರೇಕರ್ ಮಷಿನ್ ಎಳೆಯುವುದು ಸುಮಾರು ಆರೂವರೆ ಆಂಪಿಯರ್. 50 ಮೀಟರ್ ಉದ್ದದ 1 ಚದರ ಮಿ.ಮೀ. ತಾಮ್ರದ ವೈರಿನಲ್ಲಿ ಅದಕ್ಕೆ 12–13 ವೋಲ್ಟ್ ನಷ್ಟ, 2.5ರ ವೈರಿನಲ್ಲಿ ಐದೇ ವೋಲ್ಟ್. ಲೈನಿನ ತುದಿಯ ಮನೆಗೆ ಮೊದಲೇ 200 ವೋಲ್ಟ್ ಬರುತ್ತಿದ್ದರೆ ಆ 12 ದೊಡ್ಡದು. ಮೋಟರ್ ನಿಧಾನವಾದರೆ ಒಳಗಿನ ಫ್ಯಾನೂ ನಿಧಾನ. ಕೆಲಸ ಸಾಗುತ್ತಿಲ್ಲ ಎಂದು ನೀನು ಮತ್ತೂ ಒತ್ತುತ್ತೀಯ, ಆರ್ಮೇಚರ್ (ಮೋಟರಿನ ತಿರುಗುವ ಭಾಗ) ಸುಟ್ಟು ಶಿರಸಿಯವರ ಅಂಗಡಿಗೆ ಹೋಗುತ್ತದೆ. ಸುರುಳಿ ಪೂರ್ತಿ ಬಿಚ್ಚಿಯೇ ಬಳಸು, ಸುತ್ತಿಟ್ಟ ವೈರ್ ಒಳಗೊಳಗೇ ಕಾಯುತ್ತದೆ. ಜೋಡಣೆ ನೆಲದಿಂದ ಮೇಲಿರಲಿ. ಪ್ಲಗ್ಗಿನ ಹತ್ತಿರ ವೈರ್ ಒಮ್ಮೆ ಕೆಳಗೆ ಜೋತು ಮೇಲೆ ಏರಲಿ, ವೈರಿನ ಮೇಲೆ ಇಳಿಯುವ ನೀರು ಆ ಜೋತಲ್ಲೇ ತೊಟ್ಟಿಕ್ಕುತ್ತದೆ. ನೀರು ಬಿಟ್ಟು ಟೈಲ್ಸ್ ಕತ್ತರಿಸುವ ಮಾರ್ಬಲ್ ಕಟರಿಗೆ ಇದು ಮುಖ್ಯ. ನೀರಿಗೆ ಹೆದರಿ ಒಣದಾಗಿಯೇ ಗ್ರಾನೈಟ್ ಕೊಯ್ದರೆ ಸಿಲಿಕಾ ಧೂಳು ಶ್ವಾಸಕೋಶ ಸೇರುತ್ತದೆ, ಮುಖಕ್ಕೆ ಕಟ್ಟಿದ ಬಟ್ಟೆ ಅದನ್ನು ತಡೆಯುವುದಿಲ್ಲ. ಎನ್95 ಅಥವಾ ಐಎಸ್ 9473 ಗುರುತಿನ ಮಾಸ್ಕ್ ಬೇಕು.

ಪ್ರಶ್ನೆ: ಸಿದ್ದಾಪುರ, ಪ್ಲಂಬಿಂಗ್

ಚಿರೆಕಲ್ಲಿನ ಗೋಡೆಗೆ ಹ್ಯಾಮರ್ ಡ್ರಿಲ್ಲಿನಲ್ಲಿ 8 ಎಂಎಂ ತೂತು ಹೊಡೆದರೆ ಗಿಟ್ಟಿ (ಸ್ಕ್ರೂ ಹಿಡಿಯುವ ಪ್ಲಗ್) ಸಡಿಲ, ಸ್ಕ್ರೂ ಸುಮ್ಮನೆ ಸುತ್ತುತ್ತದೆ. ಬಿಟ್ ಕೂಡ ಮಷಿನಿನಲ್ಲಿ ಲೊಡಲೊಡ ಆಡ್ತದೆ. ಚಕ್ ಹೋಯ್ತಾ?

ಉತ್ತರ: ಶಿರಸಿ, ಮಷಿನ್ ರಿಪೇರಿ

ಚಕ್ ಸರಿ ಇದೆ. ಎಸ್‌ಡಿಎಸ್ ಪ್ಲಸ್ (ಹ್ಯಾಮರ್ ಡ್ರಿಲ್ಲಿಗೆ ಸಿಕ್ಕಿಸುವ ಬುಡ) ಇರುವ ಬಿಟ್ ಒಂದು ಸೆಂಟಿಮೀಟರಿನಷ್ಟು ಹಿಂದೆಮುಂದೆ ಆಡಲೇಬೇಕು, ಒಳಗಿನ ಪಿಸ್ಟನ್ ಅದರ ಬೆನ್ನಿಗೆ ಹೊಡೆಯುವುದೇ ಆ ಜಾಗದಲ್ಲಿ. ಬಿಟ್ಟಿನ ಬುಡ ಒರೆಸಿ ಚೂರು ಗ್ರೀಸ್ ಹಚ್ಚಿ ಹಾಕು, ಧೂಳು ಮೆತ್ತಿದ ಬುಡ ಚಕ್ಕನ್ನು ತಿನ್ನುತ್ತದೆ.

ತಪ್ಪು ಇರುವುದು ಹೊಡೆತದಲ್ಲಿ. ಚಿರೆಕಲ್ಲು ಕಾಂಕ್ರೀಟ್ ಅಲ್ಲ, ಮೈತುಂಬ ಪೊಟರೆ. ಹೊಡೆದರೆ ಪೊಟರೆಯ ಅಂಚು ಉದುರಿ 8ರ ತೂತು 10 ಆಗುತ್ತದೆ. ಮೋಡ್ ತಿರುಗಿಸಿ ಹ್ಯಾಮರ್ ಬಂದ್ ಮಾಡಿ ಬರೀ ಸುತ್ತುವುದಕ್ಕೆ ಇಡು, ಬಿಟ್ ಹರಿತವಾಗಿರಲಿ, ಅವಸರ ಬೇಡ. ಗಿಲಾವಿನ ದಪ್ಪ ಲೆಕ್ಕಕ್ಕೆ ಹಿಡಿಯಬೇಡ. ಗಿಟ್ಟಿ ಕಲ್ಲಿನೊಳಗೆ ಕೂರಬೇಕು, ಆದ್ದರಿಂದ ಉದ್ದದ್ದು ತಗೋ. ಗೀಸರಿನಂಥ ಭಾರಕ್ಕೆ ಅಂತೂ ಉದ್ದದ್ದೇ ಬೇಕು. ಗಿಟ್ಟಿ ಹಾಕುವ ಮೊದಲು ಧೂಳು ಊದಿ ತೆಗೆ. ಕೊರೆಯುವಾಗ ಬಿಟ್ ಸರ್ರನೆ ಒಳಗೆ ಹೋಯಿತೋ, ಅಲ್ಲಿ ಟೊಳ್ಳಿದೆ. ಆ ತೂತಿಗೆ ಗಾರೆ ತುಂಬಿ ಮುಚ್ಚಿ ನಾಲ್ಕು ಬೆರಳು ಆಚೆ ಕೊರೆ. ಬೆಂಕಿಕಡ್ಡಿ ತುರುಕಿ ನಿಲ್ಲಿಸಿದ ಗೀಸರ್ ಒಂದು ದಿನ ಕೆಳಗೆ ಬರುತ್ತದೆ.

ಡ್ರಿಲ್ ಹಿಡಿಯುವಾಗ ಬಟ್ಟೆಯ ಗ್ಲೌಸ್ ಬೇಡ, ಸುತ್ತುವ ಬಿಟ್ಟಿಗೆ ನೂಲು ಸಿಕ್ಕರೆ ಬೆರಳನ್ನೂ ಎಳೆಯುತ್ತದೆ.

ಪ್ರಶ್ನೆ: ಕುಮಟಾದವನೇ

ಕೊನೇದೊಂದು. ಮಳೆಗಾಲ ಮುಗಿದ ಮೇಲೆ ತೆಗೆದ ಗ್ರೈಂಡರಿನಲ್ಲಿ ಹಿಂಬದಿ ನೀಲಿ ಕಿಡಿ ಜಾಸ್ತಿ ಕಾಣ್ತದೆ. ಕಾರ್ಬನ್ ಬ್ರಶ್ ಬದಲಿಸಬೇಕಾ?

ಉತ್ತರ: ಶಿರಸಿ, ಮಷಿನ್ ರಿಪೇರಿ

ಬಿಚ್ಚಿ ನೋಡು. ಕಾರ್ಬನ್ 5–6 ಮಿ.ಮೀ.ಗೆ ಇಳಿದಿದ್ದರೆ ಬದಲಿಸು, ಎರಡನ್ನೂ ಒಟ್ಟಿಗೆ. ಉದ್ದ ಇದ್ದೂ ಕಿಡಿ ಬಂದರೆ ಕಾರ್ಬನ್ ಅದರ ಗೂಡಿನಲ್ಲಿ ಸಿಕ್ಕಿಕೊಂಡಿರಬಹುದು, ಅಥವಾ ಕಮ್ಯುಟೇಟರಿನ (ಕಾರ್ಬನ್ ಉಜ್ಜುವ ತಾಮ್ರದ ಉರುಳೆಯ) ಮೇಲೆ ಕಿಲುಬು ಕೂತಿರಬಹುದು. ಗೂಡು ಒರೆಸು, ಕಾರ್ಬನ್ ಸಲೀಸಾಗಿ ಜಾರಬೇಕು. ಕಿಡಿ ಕಾರ್ಬನ್ ಬಾಯಲ್ಲಿ ಚೂರು ಕಂಡರೆ ಪರವಾಗಿಲ್ಲ. ಉಂಗುರದ ಹಾಗೆ ಸುತ್ತಲೂ ಓಡಿದರೆ ಆರ್ಮೇಚರ್ ಕಾಯಿಲು ಹೋಗಿದೆ, ಮಷಿನ್ ನಿಲ್ಲಿಸು. ವೈರಿಂಗಿನವರಲ್ಲಿ 500 ವೋಲ್ಟಿನ ಮೆಗ್ಗರ್ (ಇನ್ಸುಲೇಶನ್ ಅಳೆಯುವ ಮೀಟರ್) ಇದ್ದರೆ ಪಿನ್ನಿಗೂ ಮೈ ಲೋಹಕ್ಕೂ ನಡುವೆ ಹಿಡಿಸು, 2 ಮೆಗಾಓಮಿಗಿಂತ ಕಡಿಮೆ ತೋರಿಸಿದರೆ ಬಳಸಬೇಡ.

ಮಷಿನಿನ ಜೊತೆ ಡಿಸ್ಕುಗಳೂ ಅದೇ ಪೆಟ್ಟಿಗೆಯಲ್ಲಿ ಇದ್ದವಾ? ಡಿಸ್ಕನ್ನು ಅಂಟಿಸಿರುವುದು ರಾಳ, ತೇವ ಕುಡಿದರೆ ಬಲ ಹೋಗುತ್ತದೆ. ನಡುವಿನ ತಗಡಿನ ಉಂಗುರದಲ್ಲಿ ತಿಂಗಳು, ವರ್ಷ ಒತ್ತಿರುತ್ತಾರೆ. ಅದು ತಯಾರಾದ ದಿನ ಅಲ್ಲ, ಬಳಸಬಹುದಾದ ಕೊನೆಯ ತಿಂಗಳು. ನೋಡಿ ಹೇಳು.

ಕುಮಟಾದವ

ನೋಡಿದೆ ಸರ್. ಆ 7 ಇಂಚಿನದರಲ್ಲಿ 07/2021 ಅಂತಿದೆ. ಒಂದು ಕಡೆ ಅಂಚೂ ಸ್ವಲ್ಪ ಎದ್ದಿದೆ. ಬಿಸಾಡ್ತೇನೆ.

ಶಿರಸಿ, ಮಷಿನ್ ರಿಪೇರಿ

ಇಡಿಯಾಗಿ ಬಿಸಾಡಬೇಡ, ಮತ್ಯಾರೋ ಹೆಕ್ಕಿ ಹಾಕ್ತಾರೆ. ಗೋಣಿಯೊಳಗೆ ಇಟ್ಟು ಸುತ್ತಿಗೆಯಲ್ಲಿ ಒಡೆದು ಬಿಸಾಡು.