ಹಳೇ ಮನೆಗೆ ಜನ ಕರೆಯುವ ಮುಂಚೆ: ಆರ್ಕಿಟೆಕ್ಟ್ ಮೇಡಂ ಜೊತೆ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಡಿಸೆಂಬರ್‌ನಲ್ಲಿ ಒಂದು ಭಾನುವಾರ ನಮ್ಮ ಗುಂಪಿನವರು ತಮ್ಮ ತಮ್ಮ ಊರಿನಲ್ಲಿ ಹಳೇ ಮನೆಗಳನ್ನು ಹೊರಗಿನವರಿಗೆ ತೆರೆದು ತೋರಿಸುತ್ತಿದ್ದಾರೆ. ತಲೆಗೆ 300 ರೂಪಾಯಿ, ಬಂದ ದುಡ್ಡು ರಿಪೇರಿಗೆ. ಹಳೇ ಕಟ್ಟಡಗಳ ದುರಸ್ತಿಯನ್ನೇ ಮಾಡಿಕೊಂಡು ಬಂದಿರುವ ಮೇಡಂ ಇವತ್ತು ಸಂಜೆ ನಿಮ್ಮ ಪ್ರಶ್ನೆಗಳಿಗೆ ಉತ್ತರ ಕೊಡುತ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ದಯವಿಟ್ಟು ಫಾರ್ವರ್ಡ್ ಬೇಡ.

ಬಸವನಗುಡಿ ಬಂಗಲೆ: ನಮಸ್ತೆ ಮೇಡಂ. ನಮ್ಮದು ತಾತ ಕಟ್ಟಿಸಿದ ಮನೆ, ಮೇಲ್ಛಾವಣಿ ಹಳೇ ಕಾಲದ ಮದ್ರಾಸ್ ಟೆರೇಸ್. ಎರಡು ಕಡೆ ಸೋರುತ್ತಿದೆ. ಮೇಲೆ ಮೂರು ಇಂಚು ಕಾಂಕ್ರೀಟ್ ಹಾಕಿದರೆ ಮುಗೀತು ಅಂತ ಕಂಟ್ರಾಕ್ಟರ್ ಹೇಳುತ್ತಾನೆ.

ಆರ್ಕಿಟೆಕ್ಟ್ ಮೇಡಂ: ನಮಸ್ತೆ. ಮುಗಿಯುವುದು ಸೋರಿಕೆ ಅಲ್ಲ, ಮನೆ. ಮೂರು ಇಂಚು ಕಾಂಕ್ರೀಟ್ ಅಂದರೆ ಚದರ ಮೀಟರಿಗೆ 180 ಕಿಲೋ ಹತ್ತಿರ ಹೊಸ ಭಾರ. ಕೆಳಗೆ ಹೊರುತ್ತಿರುವುದು ಮರದ ಜಂತೆ. ಅದರ ಮೇಲೆ ಓರೆಯಾಗಿ ನಿಲ್ಲಿಸಿದ ಇಟ್ಟಿಗೆ, ಅದರ ಮೇಲೆ ಸುಣ್ಣ ಮತ್ತು ಇಟ್ಟಿಗೆ ಚೂರಿನ ಗಾರೆ. ಆ ಗಾರೆಯನ್ನು ಆಗ ಕೊಡತಿಯಲ್ಲಿ ದಿನಗಟ್ಟಲೆ ಬಡಿದು ಕೂರಿಸುತ್ತಿದ್ದರು. ಮೊದಲು ನೀರು ಹೊರಗೆ ಹೋಗುವ ತೂಬು ಕಟ್ಟಿಕೊಂಡಿದೆಯಾ ನೋಡಿ, ಹತ್ತರಲ್ಲಿ ಐದು ಮನೆಯಲ್ಲಿ ಅಲ್ಲೇ ಅರಳಿ ಗಿಡ ಹುಟ್ಟಿರುತ್ತದೆ. ಬಿರುಕು ಬಿಟ್ಟ ಕಡೆ ಮಾತ್ರ ಕಿತ್ತು ಸುಣ್ಣದಲ್ಲೇ ಮತ್ತೆ ಮಾಡಿಸಿ. ಸುಣ್ಣದ ಕೆಲಸ ಗೊತ್ತಿರುವ ಮೇಸ್ತ್ರಿ ಬೇಕು, ಈಗಿನ ಕಂಟ್ರಾಕ್ಟರ್ ಬೇಡ.

ಉಡುಪಿ ಸೊಸೆ: ಕಂಬಕ್ಕೆ ಗೆದ್ದಲು ಬಂದಿದೆ ಮೇಡಂ. ಏನು ಹಚ್ಚಬೇಕು?

ಆರ್ಕಿಟೆಕ್ಟ್ ಮೇಡಂ: ಹಚ್ಚುವ ಮುಂಚೆ ಅದು ಹತ್ತಿಕೊಂಡು ಬಂದ ಮಣ್ಣಿನ ದಾರಿ ಎಲ್ಲಿಂದ ಶುರುವಾಗಿದೆ ಹುಡುಕಿ. ಗೆದ್ದಲು ನೆಲದಿಂದ ಬರುತ್ತದೆ, ತೇವ ಇರುವ ಕಡೆ ಬರುತ್ತದೆ. ಬಚ್ಚಲ ನೀರು ಕಂಬದ ಕಡೆ ಹರಿಯುತ್ತಿದ್ದರೆ ಅದನ್ನು ಮೊದಲು ತಿರುಗಿಸಿ. ಆಮೇಲೆ ನೆಲಕ್ಕೆ ಮದ್ದು ಹಾಕುವವರನ್ನು ಕರೆಸಿ.

ಮೈಸೂರು ಮೇಷ್ಟ್ರು: *ಎಲ್ಲರಿಗೂ ತಲುಪಿಸಿ* ಸೀಮೆಎಣ್ಣೆ 1 ಲೀಟರ್, ಹಳೇ ಇಂಜಿನ್ ಆಯಿಲ್ 1 ಲೀಟರ್, ಇಂಗು 50 ಗ್ರಾಂ. ಬೆರೆಸಿ ಕಂಬಕ್ಕೆ ಬಳಿದರೆ ನೂರು ವರ್ಷ ಗೆದ್ದಲು ಸುಳಿಯುವುದಿಲ್ಲ. ನಮ್ಮ ಪೂರ್ವಜರ ಜಾಣತನ!

ಆರ್ಕಿಟೆಕ್ಟ್ ಮೇಡಂ: ಮೇಷ್ಟ್ರೇ, ನಿಮ್ಮ ಪೂರ್ವಜರ ಹತ್ತಿರ ಯಾವ ಗಾಡಿ ಇತ್ತು? ದಯವಿಟ್ಟು ಯಾರೂ ಇದನ್ನು ಮಾಡಬೇಡಿ. ಒಣಗಿದ ಹಳೇ ಮರ, ಪಕ್ಕದಲ್ಲಿ ಹಳೇ ವೈರಿಂಗ್, ದೇವರ ಮುಂದೆ ದೀಪ, ಅದಕ್ಕೆ ಸೀಮೆಎಣ್ಣೆ ಕುಡಿಸುತ್ತೀರಾ? ಇಂಜಿನ್ ಆಯಿಲ್ ಒಳಗೆ ಇಳಿದರೆ ಮತ್ತೆ ಹೊರಗೆ ಬರುವುದಿಲ್ಲ, ಮುಟ್ಟಿದವರ ಪಂಚೆ ಸೀರೆಗೆಲ್ಲ ಕಪ್ಪು.

ತೀರ್ಥಹಳ್ಳಿ ತೊಟ್ಟಿಮನೆ: ಮೇಡಂ ನಮಸ್ಕಾರ. ನಮ್ಮ ಅಜ್ಜನ ಅಪ್ಪ ಕಟ್ಟಿಸಿದ ಮನೆ. ಬಂದವರೆಲ್ಲ ಉಪ್ಪರಿಗೆ ಕಿಟಕಿ ಹತ್ತಿರ ಫೋಟೋ ಬೇಕು ಅಂತಾರೆ, ಹಾಗಾಗಿ 20-20 ಜನರನ್ನು ಹತ್ತಿಸೋಣ ಅಂತಿದ್ದೇವೆ. ಗೋಡೆಗೆ ಯಾವ ಬಣ್ಣ ಒಳ್ಳೆಯದು? ನಡುಮನೆ ಬಾಗಿಲು ಹಾಕಿಕೊಳ್ಳುತ್ತಿರಲಿಲ್ಲ, ಆಚಾರಿ ಬಂದು ಮೇಲ್ಗಡೆ ಕೆತ್ತಿ ಸರಿ ಮಾಡಿದ್ದಾರೆ. ಉಳಿದದ್ದೆಲ್ಲ ಚೆನ್ನಾಗಿದೆ.

ಆರ್ಕಿಟೆಕ್ಟ್ ಮೇಡಂ: ಬಣ್ಣ ಇರಲಿ. ಬಾಗಿಲು ಯಾವ ತಿಂಗಳಿನಿಂದ ಹಾಕಿಕೊಳ್ಳುತ್ತಿಲ್ಲ? ಅದರ ಮೇಲೆ ತೊಲೆ ಹಾದಿದೆಯಾ?

ತೀರ್ಥಹಳ್ಳಿ ತೊಟ್ಟಿಮನೆ: ಹೋದ ಬೇಸಿಗೆಯಿಂದ. ಹೌದು, ಉಪ್ಪರಿಗೆಯ ದೊಡ್ಡ ತೊಲೆ ಆ ಬಾಗಿಲ ಪಕ್ಕದ ಗೋಡೆಯಲ್ಲೇ ಕೂತಿದೆ.

ಧಾರವಾಡದ ವಾಡೆ: ಮೇಡಂ, ನಮ್ಮ ವಾಡೆದ ಕಲ್ಲಿನ ಕಂಬಕ್ಕ ಎಣ್ಣೆಬಣ್ಣ ಬಳದಾರ್ರೀ ಯಾರೋ. ಆಸಿಡ್ ಹಾಕಿ ತೊಳೀಬಹುದೇನ್ರೀ?

ಆರ್ಕಿಟೆಕ್ಟ್ ಮೇಡಂ: ಬೇಡ. ಮರಳು ಊದಿಸುವುದೂ ಬೇಡ. ಕಲ್ಲಿನ ಮೈಯೇ ಹೋಗುತ್ತದೆ.

ಜೋಗದ ಹತ್ತಿರದವರು: ಮರಕ್ಕೆ ಗೆದ್ದಲು ಹಿಡಿದರೆ ಏನು ಹಚ್ಚಬೇಕು ಮೇಡಂ?

ಆರ್ಕಿಟೆಕ್ಟ್ ಮೇಡಂ: ಮೇಲೆ ಹೇಳಿದ್ದೇನೆ.

ಆರ್ಕಿಟೆಕ್ಟ್ ಮೇಡಂ: ತೀರ್ಥಹಳ್ಳಿಯವರೇ, ಇದನ್ನು ಪೂರ್ತಿ ಓದಿ. ಮಳೆಗಾಲದಲ್ಲಿ ಮರ ಊದಿ ಬಾಗಿಲು ಬಿಗಿಯಾಗುವುದು ಮಾಮೂಲು. ಬೇಸಿಗೆಯಲ್ಲಿ ಅದು ಸಡಿಲ ಆಗಬೇಕು. ನಿಮ್ಮದು ಬೇಸಿಗೆಯಲ್ಲೇ ಹಿಡಿದುಕೊಂಡಿದೆ ಅಂದರೆ ಊದಿದ್ದು ಬಾಗಿಲಲ್ಲ, ಮೇಲಿನದು ಏನೋ ಕೆಳಗೆ ಇಳಿದಿದೆ. ಆಚಾರಿ ಕೆತ್ತಿದ್ದರಿಂದ ಆಗಿರುವುದು ಇಷ್ಟೇ, ನಿಮಗೆ ಸಿಗುತ್ತಿದ್ದ ಸೂಚನೆಯೂ ನಿಂತುಹೋಯಿತು.

ಹಳೇ ತೊಲೆ ನಡುವೆ ಸ್ವಲ್ಪ ಬಾಗಿರುವುದಕ್ಕೆ ನಾನು ಹೆದರುವುದಿಲ್ಲ. ನೂರು ವರ್ಷ ಹೊತ್ತ ಮರ ಬಾಗುತ್ತದೆ, ಬಾಗಿಯೂ ಹೊರುತ್ತದೆ. ನನಗೆ ಹೆದರಿಕೆ ತೊಲೆಯ ತುದಿಯದು, ಗೋಡೆಯೊಳಗೆ ಹೋಗಿ ಕೂತಿರುತ್ತಲ್ಲ ಆ ಒಂದು ಮೊಳ. ಅದು ಕಣ್ಣಿಗೆ ಕಾಣುವುದಿಲ್ಲ. ಗೋಡೆಗೆ ನೀರು ಇಳಿದರೆ ಆ ತುದಿ ವರ್ಷಗಟ್ಟಲೆ ಒದ್ದೆಯಲ್ಲಿ ಕೊಳೆಯುತ್ತದೆ, ಹೊರಗಿನ ಭಾಗ ಮಾತ್ರ ಎಣ್ಣೆ ಒರೆಸಿದ ಹಾಗೆ ಫಳಫಳ ಅಂತಿರುತ್ತದೆ. ಆ ಗೋಡೆ ಮಣ್ಣಿನದಾಗಿದ್ದು ಮೇಲೆ ಸಿಮೆಂಟ್ ಪ್ಲಾಸ್ಟರ್ ಬಿದ್ದಿದ್ದರೆ ಇನ್ನೂ ಕಷ್ಟ. ಸುಣ್ಣದ ಗಾರೆಯಲ್ಲಿ ತೇವ ಹೊರಗೆ ಆರಿ ಹೋಗುತ್ತದೆ, ಸಿಮೆಂಟ್ ಅದನ್ನು ಒಳಗೇ ಕೂಡಿಹಾಕುತ್ತದೆ.

ನೀವೇ ನೋಡಬಹುದಾದದ್ದು: ತೆಳ್ಳಗಿನ ಸ್ಕ್ರೂಡ್ರೈವರ್ ತೆಗೆದುಕೊಂಡು ತೊಲೆ ಗೋಡೆಗೆ ಸೇರುವ ಜಾಗದಲ್ಲಿ ಕೆಳಗಿನಿಂದ ಒತ್ತಿ. ಗಟ್ಟಿ ಮರ ಆದರೆ ತುದಿ ಒಂದೆರಡು ಮಿಲಿಮೀಟರ್ ಹೋಗಿ ನಿಲ್ಲುತ್ತದೆ. ಅಲ್ಲಿಂದ ಎರಡು ಅಡಿ ಈಚೆ ಬಂದು ಒತ್ತಿ, ಎರಡನ್ನೂ ಹೋಲಿಸಿ. ಸುತ್ತಿಗೆಯ ಹಿಡಿಯಲ್ಲಿ ತಟ್ಟಿ, ಟೊಳ್ಳು ಸದ್ದು ಬರುತ್ತದಾ ಕೇಳಿ. ಉಪ್ಪರಿಗೆಯಲ್ಲಿ ಹಲಗೆಗೂ ಗೋಡೆಗೂ ನಡುವೆ ಹೊಸದಾಗಿ ಸಂದಿ ಬಿಟ್ಟಿದೆಯಾ ನೋಡಿ. ಆದರೆ ಒಬ್ಬರೇ ಹತ್ತಿ, ಗೋಡೆ ಪಕ್ಕದಲ್ಲೇ ನಡೆಯಿರಿ.

ಇನ್ನು 20 ಜನರ ಮಾತು. ವಾಸದ ಮನೆಯ ಮಹಡಿಗೆ, ಕಟ್ಟಡ ಎಷ್ಟು ಭಾರ ಹೊರಬೇಕು ಅಂತ ಹೇಳುವ ಈಗಿನ ಐಎಸ್ 875 ಕೋಡ್ ಹಿಡಿಯುವ ಲೆಕ್ಕ ಚದರ ಮೀಟರಿಗೆ ಸುಮಾರು 200 ಕಿಲೋ. ಜನ ಗುಂಪುಗೂಡಿ ಓಡಾಡುವ ಸಭಾಂಗಣಕ್ಕೆ 500. ನಿಮ್ಮ ಅಜ್ಜನ ಅಪ್ಪ ಉಪ್ಪರಿಗೆ ಮಾಡಿಸಿದ್ದು ನಾಲ್ಕು ಜನ ಮಲಗುವುದಕ್ಕೆ, ಭತ್ತ ಅಡಕೆ ಇಡುವುದಕ್ಕೆ. ಅಡಕೆ ಮೂಟೆ ಕುಣಿಯುವುದಿಲ್ಲ. ಫೋಟೋಗೆ ನಿಲ್ಲುವವರು ಎಲ್ಲರೂ ಒಂದೇ ಕಿಟಕಿ ಹತ್ತಿರ, ಒಂದೇ ತೊಲೆಯ ಮೇಲೆ ಒತ್ತಾಗಿ ನಿಲ್ಲುತ್ತಾರೆ. ಪರೀಕ್ಷೆಗೆ ಹತ್ತುವ ಆ ಒಬ್ಬರನ್ನು ಬಿಟ್ಟು, ತೊಲೆ ಗಟ್ಟಿ ಇದೆಯಾ ಅಂತ ಗೊತ್ತಾಗುವವರೆಗೆ ಮೇಲೆ ಯಾರೂ ಬೇಡ, ಮನೆಯವರೂ ಸಹ.

ತೀರ್ಥಹಳ್ಳಿ ತೊಟ್ಟಿಮನೆ: ಅಯ್ಯೋ. ಮೇಡಂ, ಆ ಗೋಡೆ ನಮಗೂ ದೊಡ್ಡಪ್ಪನ ಮನೆಯವರಿಗೂ ನಡುವಿನದು. ಪಾಲಾಗಿದೆ. ಅವರ ಕಡೆ ಹೆಂಚು ತೆಗೆಸಿ ತಗಡು ಹಾಕಿದ್ದಾರೆ, ಅದರ ನೀರು ಪೂರ್ತಿ ಈ ಗೋಡೆಯ ತಲೆಗೇ ಬೀಳುತ್ತದೆ.

ತೊಟ್ಟಿಮನೆ ಪಾಲುದಾರ: ತಮ್ಮಾ, ಮನೆ ಕಥೆಯನ್ನು ಊರಿಗೆಲ್ಲ ಹೇಳುವ ಮುಂಚೆ ನನಗೆ ಹೇಳಬಹುದಿತ್ತು.

ತೀರ್ಥಹಳ್ಳಿ ತೊಟ್ಟಿಮನೆ: ಅಣ್ಣಾ, ನೀವು ಈ ಗುಂಪಲ್ಲಿ ಇದ್ದೀರಾ? ಮೂರು ಸಲ ಫೋನ್ ಮಾಡಿದ್ದೆ, ತೆಗೆಯಲಿಲ್ಲ.

ತೊಟ್ಟಿಮನೆ ಪಾಲುದಾರ: ಹೆಂಚು ಹಾಕಿಸಿಕೊಂಡೇ ಇರು ಅನ್ನುವುದಕ್ಕೆ ನಿನಗೇನು, ಬೆಂಗಳೂರಲ್ಲಿದ್ದೀಯ. ಪ್ರತಿ ಮಳೆಗಾಲ ಮಂಗ ಕುಣಿದು ಒಡೆದ ಹೆಂಚು ಬದಲಾಯಿಸಿದವನು ನಾನು. ಈಗ ಟಿಕೆಟ್ ಇಟ್ಟು ಮನೆ ತೋರಿಸುತ್ತೀಯಂತೆ. ಅರ್ಧ ಮನೆ ನನ್ನದು, ಅರ್ಧ ಟಿಕೆಟ್ ಎಲ್ಲಿ?

ಉಡುಪಿ ಸೊಸೆ: ಟಿಕೆಟ್ ಇಡುವುದೇ ನನಗೆ ಸರಿ ಕಾಣಲ್ಲ. ಮನೆಗೆ ಬಂದವರಿಗೆ ನೀರು ಬೆಲ್ಲ ಕೊಟ್ಟು 300 ರೂಪಾಯಿ ಕೇಳುವುದಾ? ನಮ್ಮ ಅತ್ತೆ ಅಡುಗೆಮನೆ, ದೇವರ ಕೋಣೆ ಹತ್ತಿರ ಯಾರನ್ನೂ ಬಿಡಲ್ಲ ಅಂತ ಹಟ ಹಿಡಿದಿದ್ದಾರೆ.

ಧಾರವಾಡದ ವಾಡೆ: ಅಡಗೀಮನಿ ತೋರಸಲಿಲ್ಲಂದ್ರ ಮನಿ ಏನ್ ತೋರಿಸ್ತೀರಿ? ಗ್ವಾಡಿನ?

ಉಡುಪಿ ಸೊಸೆ: ನಿಮ್ಮ ಮನೆಯಲ್ಲಿ ತೋರಿಸಿಕೊಳ್ಳಿ.

ಬಸವನಗುಡಿ ಬಂಗಲೆ: ಗೋವಾದ ಚಾಂದೋರ್‌ನಲ್ಲಿ ಬ್ರಗಾಂಝಾ ಮನೆ ನೋಡಿ ಬಂದೆವು. ಮನೆಯವರು ಅಲ್ಲೇ ವಾಸ ಇದ್ದಾರೆ, ಅವರದೇ ಕುರ್ಚಿ ಮೇಜು, ಒಂದು ಹಗ್ಗ ಕಟ್ಟಿರುತ್ತಾರೆ. ಕೊನೆಯಲ್ಲಿ ನಾವೇ ದುಡ್ಡು ಕೊಟ್ಟು ಬಂದೆವು, ಅದರಲ್ಲೇನು ನಾಚಿಕೆ? ಆ ಮನೆಯೂ ಎರಡು ಪಾಲಾಗಿದೆ, ಎರಡೂ ಕಡೆಗೆ ಬೇರೆ ಬೇರೆ ಕೊಡಬೇಕು.

ತೊಟ್ಟಿಮನೆ ಪಾಲುದಾರ: ನೋಡು ತಮ್ಮಾ. ಎರಡೂ ಕಡೆಗೆ.

ಜಾಕ್ಸನ್ ಕನ್ನಡಿತಿ: ನಾನಿರುವ ಅಮೆರಿಕದ ಮಿಸಿಸಿಪಿಯಲ್ಲಿ ನ್ಯಾಚೆಜ್ ಅಂತ ಊರಿದೆ. ಅಲ್ಲಿನ ಹೆಂಗಸರ ಗಾರ್ಡನ್ ಕ್ಲಬ್ಬಿನವರು ಅತಿಥಿಗಳಿಗೆ ಹೂದೋಟ ತೋರಿಸಬೇಕಿತ್ತಂತೆ. ಹಿಮ ಬಿದ್ದು ಹೂವೆಲ್ಲ ಕರಟಿತು, ಮಾನ ಉಳಿಸಿಕೊಳ್ಳಲು ಮನೆಯೊಳಗೇ ಕರೆದರು. ಜನಕ್ಕೆ ಹೂವಿಗಿಂತ ಮನೆಯೇ ಹಿಡಿಸಿತು. 1932ರಿಂದ ಟಿಕೆಟ್ ಇಟ್ಟು ತೋರಿಸಲು ಶುರು ಮಾಡಿದರು. ಕೆಲವೇ ವರ್ಷದಲ್ಲಿ ದುಡ್ಡು ಕ್ಲಬ್ಬಿನ ದುರಸ್ತಿ ಕೆಲಸಕ್ಕೋ ಮನೆಯವರಿಗೋ ಅಂತ ಜಗಳವಾಗಿ ಕ್ಲಬ್ ಎರಡಾಯಿತು, ಕೋರ್ಟಿಗೂ ಹೋದರು. ಇನ್ನೊಂದು ಮಾತು, ಆ ಬಂಗಲೆಗಳು ಬಹುಪಾಲು ಗುಲಾಮರ ಬೆವರಿನ ಹತ್ತಿ ದುಡ್ಡಿನವು. ಬಹಳ ವರ್ಷ ಆ ಭಾಗ ಬಿಟ್ಟು ಬರೀ ಆ ಕಾಲದ ಅಗಲ ಲಂಗ ತೊಟ್ಟ ಹೆಂಗಸರ ವೈಭವ ತೋರಿಸಿದರು. ನಾವೂ ಜಗುಲಿ ತೋರಿಸಿ ಅಂಗಳದಾಚೆಯೇ ನಿಂತು ಊಟ ಮಾಡುತ್ತಿದ್ದವರ ಮಾತು ಬಿಡುತ್ತೇವಾ?

ಮೈಸೂರು ಮೇಷ್ಟ್ರು: ಎಲ್ಲದಕ್ಕೂ ಜಾತಿ ತರಬೇಡಿ ತಾಯಿ.

ಜಾಕ್ಸನ್ ಕನ್ನಡಿತಿ: ನಾನು ತರಲಿಲ್ಲ ಮೇಷ್ಟ್ರೇ. ಮನೆಯ ನಕ್ಷೆಯಲ್ಲೇ ಇದೆ.

ಅಡ್ಮಿನ್: ವಿಷಯಕ್ಕೆ ಬನ್ನಿ ಪ್ಲೀಸ್.

ಕ್ಯಾಮೆರಾ ಹುಡುಗ: ಡ್ರೋನ್ ಹಾರಿಸಬಹುದಾ ಅವತ್ತು?

ಶಿರಸಿಯ ಅಕ್ಕ: ಬರುವವರ ಕಾರು ಎಲ್ಲಿ ನಿಲ್ಲಿಸುವುದು? ನಮ್ಮ ಓಣಿಯಲ್ಲಿ ಎರಡು ಬೈಕ್ ಹೋಗುವುದೇ ಕಷ್ಟ.

ಮೈಸೂರು ಮೇಷ್ಟ್ರು: *ಅರಮನೆ ಗಾರೆಯ ಗುಟ್ಟು* ಸಿಮೆಂಟಿಗೆ ಬೆಲ್ಲದ ನೀರು ಮತ್ತು ಕೋಳಿ ಮೊಟ್ಟೆಯ ಬಿಳಿ ಬೆರೆಸಿದರೆ ಸಾವಿರ ವರ್ಷ...

ಆರ್ಕಿಟೆಕ್ಟ್ ಮೇಡಂ: ಮೇಷ್ಟ್ರೇ, ಸಾಕು. ಬೆಲ್ಲ, ಮೊಟ್ಟೆ ಎಲ್ಲ ಬೆರೆಸುತ್ತಿದ್ದದ್ದು ಸುಣ್ಣಕ್ಕೆ. ತಮಿಳುನಾಡಿನ ಚೆಟ್ಟಿನಾಡಿನ ಮನೆಗಳ ಗೋಡೆ ಇವತ್ತಿಗೂ ಕನ್ನಡಿ ಥರ ಹೊಳೆಯುವುದು ಆ ಕೆಲಸದಿಂದ. ಸಿಮೆಂಟಿಗೆ ಸಕ್ಕರೆ ಅಂಶ ಬಿದ್ದರೆ ಅದು ಗಟ್ಟಿಯಾಗುವುದೇ ನಿಧಾನ ಆಗುತ್ತದೆ, ಜಾಸ್ತಿ ಬಿದ್ದರೆ ಕೆಟ್ಟೇ ಹೋಗುತ್ತದೆ. ಯಾರಾದರೂ ಇದನ್ನು ನಂಬಿ ತೊಲೆ ಕೂರಿಸಿದರೆ ನೀವು ಬಂದು ಹಿಡಿದುಕೊಂಡು ನಿಲ್ಲುತ್ತೀರಾ?

ಮೈಸೂರು ಮೇಷ್ಟ್ರು: ಒಳ್ಳೆಯದಕ್ಕೆ ಹೇಳಿದರೆ ಹೀಗೆ. ನಮ್ಮ ಮೈಸೂರಿನಲ್ಲಿ ಅರಮನೆ ಕಾಲದ ಕಟ್ಟಡಗಳು ಹೇಗೆ ನಿಂತಿವೆ ನೋಡಿ.

ಆರ್ಕಿಟೆಕ್ಟ್ ಮೇಡಂ: ನೋಡಿದ್ದೇನೆ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ಕು ಜನ ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಕಡೆ ಬಿತ್ತು. ಎರಡೂ ಮಳೆಗಾಲದಲ್ಲಿ. ಹಳೇದು ಗಟ್ಟಿ ಅನ್ನುವ ಮಾತನ್ನು ನಂಬಿ ಜನರನ್ನು ಒಳಗೆ ಬಿಡಬೇಡಿ, ಅದಕ್ಕೇ ಇಷ್ಟು ಹೊತ್ತಿಂದ ಕೂತು ಬರೆಯುತ್ತಿದ್ದೇನೆ.

ಹೊಸ ಸದಸ್ಯ: ಮೇಡಂ ಗೆದ್ದಲಿಗೆ ಏನಾದರೂ ಮದ್ದು ಇದೆಯಾ?

ಆರ್ಕಿಟೆಕ್ಟ್ ಮೇಡಂ: ಮೇಲೆ.

ತೊಟ್ಟಿಮನೆ ಪಾಲುದಾರ: ಮೇಡಂ, ನೇರವಾಗಿ ಹೇಳುತ್ತೇನೆ. ಒಬ್ಬ ಹಳೇ ಸಾಮಾನಿನ ವ್ಯಾಪಾರಿ ಕಂಬ, ಕಂಬದ ತಲೆಯ ಬೋದಿಗೆ, ದೊಡ್ಡ ಬಾಗಿಲು ಸೇರಿಸಿ ಒಳ್ಳೆ ರೇಟು ಹೇಳಿದ್ದಾನೆ. ಇಷ್ಟೆಲ್ಲ ರಗಳೆ ಬದಲು ಕೊಟ್ಟು ಬಿಡುವುದು ವಾಸಿ ಅಲ್ವಾ? ಮಣಿಪಾಲದ ಹಳೇ ಮನೆಗಳ ಹಳ್ಳಿಯಲ್ಲೂ ಹಾಗೇ ತಾನೇ, ಬಿಚ್ಚಿ ತಂದು ಕಟ್ಟಿರುವುದು?

ಆರ್ಕಿಟೆಕ್ಟ್ ಮೇಡಂ: ಹಾಗಲ್ಲ. ಅದನ್ನು ಕಟ್ಟಿದ ವಿಜಯನಾಥ ಶೆಣೈ ಅವರು ಆ ಹಸ್ತಶಿಲ್ಪ ಹಳ್ಳಿಗೆ ತಂದದ್ದು ಇದ್ದ ಜಾಗದಲ್ಲಿ ಉಳಿಯುವ ದಾರಿಯೇ ಇಲ್ಲದ ಮನೆಗಳನ್ನು. ಇಡೀ ಮನೆ ಬಿಚ್ಚಿ ಮತ್ತೆ ಮನೆಯಾಗಿಯೇ ಕಟ್ಟಿಸಿದರು. ನಿಮ್ಮ ವ್ಯಾಪಾರಿ ಕಂಬವನ್ನು ರೆಸಾರ್ಟಿನ ಬಾರ್ ಪಕ್ಕ ನಿಲ್ಲಿಸುತ್ತಾನೆ. ಮಾರುವುದು ಬಿಡುವುದು ನಿಮ್ಮಿಷ್ಟ, ಆದರೆ ಒಂದು ಕಂಬ ತೆಗೆಯುವ ಮುಂಚೆ ಆ ತೊಲೆ ನೋಡಿ. ಅದರ ಇನ್ನೊಂದು ಪಕ್ಕ ನಿಮ್ಮ ಕಡೆ ಇದೆ. ನಿಮ್ಮಿಬ್ಬರಲ್ಲಿ ಈಗ ಮನೆಯಲ್ಲಿರುವವರು ನೀವೇ ಅಂತ ಕಾಣುತ್ತದೆ, ಸ್ಕ್ರೂಡ್ರೈವರ್ ಇದೆಯಾ?

ತೊಟ್ಟಿಮನೆ ಪಾಲುದಾರ: ಇದೆ. ಊಟ ಆದ ಮೇಲೆ ನೋಡುತ್ತೇನೆ.

ಆರ್ಕಿಟೆಕ್ಟ್ ಮೇಡಂ: ಊಟಕ್ಕೆ ಮುಂಚೆ ನೋಡಿ.

ಧಾರವಾಡದ ವಾಡೆ: ಮೇಡಂ, ಆಸಿಡ್ ಬ್ಯಾಡಂದ್ರ ಮತ್ತೇನ್ ಹಚ್ಚೂದ್ರೀ? ಅದನ್ನ ಹೇಳ್ಲೇ ಇಲ್ಲ.

ಬಸವನಗುಡಿ ಬಂಗಲೆ: ಸುಣ್ಣದ ಮೇಸ್ತ್ರಿ ಬೆಂಗಳೂರಲ್ಲಿ ಯಾರಾದರೂ ಇದ್ದರೆ ಹೇಳಿ. ಸಿಕ್ಕಿದವರೆಲ್ಲ ವಾಟರ್‌ಪ್ರೂಫ್ ಪೇಂಟ್ ಹೊಡೆದರೆ ಸಾಕು ಅಂತಾರೆ.

ಮೈಸೂರು ಮೇಷ್ಟ್ರು: ಇಲ್ಲಿ ಹಿರಿಯರಿಗೆ ಬೆಲೆ ಇಲ್ಲ. ನಾನು ಗುಂಪು ಬಿಡುತ್ತಿದ್ದೇನೆ.

ಉಡುಪಿ ಸೊಸೆ: ಮೇಷ್ಟ್ರು ಇದೇ ವರ್ಷ ಬಿಡುತ್ತಿರುವುದು ಮೂರನೇ ಸಲ.

ತೊಟ್ಟಿಮನೆ ಪಾಲುದಾರ: ಮೇಡಂ. ಈಚೆ ಎರಡು ಅಡಿಯಲ್ಲಿ ಚೂರೂ ಹೋಗಲಿಲ್ಲ. ಗೋಡೆ ಹತ್ತಿರ ಹಿಡಿವರೆಗೂ ಹೋಯಿತು. ಎಳೆದಾಗ ಕಾಫಿ ಚರಟದ ಹಾಗೆ ಒದ್ದೆ ಹುಡಿ ಬಂತು.

ಆರ್ಕಿಟೆಕ್ಟ್ ಮೇಡಂ: ಆ ಕೋಣೆಯಲ್ಲಿ ಯಾರು ಮಲಗುತ್ತಾರೆ?

ತೊಟ್ಟಿಮನೆ ಪಾಲುದಾರ: ಅಮ್ಮ.

ಆರ್ಕಿಟೆಕ್ಟ್ ಮೇಡಂ: ಅವರನ್ನು ಇವತ್ತು ಜಗುಲಿಯಲ್ಲಿ ಮಲಗಿಸಿ. ಉಪ್ಪರಿಗೆಯಲ್ಲಿ ಮೂಟೆ ಇದ್ದರೆ ಇಳಿಸಲು ಈಗ ಹತ್ತಬೇಡಿ. ಬೆಳಿಗ್ಗೆ ಸೆಂಟ್ರಿಂಗ್ ಜಾಕಿ, ಅಂದರೆ ಆಸರೆಗೆ ಕೊಡುವ ಕಬ್ಬಿಣದ ಕಂಬ, ಎರಡು ತರಿಸಿ, ಗೋಡೆಯಿಂದ ಎರಡು ಅಡಿ ಈಚೆ, ಗಟ್ಟಿ ಮರ ಇರುವ ಕಡೆ ಕೊಡಿ. ಜಾಕಿಯ ಕೆಳಗೆ ದಪ್ಪ ಹಲಗೆ, ಮೇಲೆಯೂ ಹಲಗೆ. ತೊಲೆಯನ್ನು ಎತ್ತಲು ಹೋಗಬೇಡಿ, ಬಿಗಿಯಾಗಿ ತಾಗಿ ನಿಂತರೆ ಸಾಕು. ತಗಡಿನ ನೀರು ಆಚೆ ಹೋಗಲು ಒಂದು ದೋಣಿ ಕಟ್ಟಿಸಿ. ತುದಿ ಕತ್ತರಿಸಿ ಹೊಸ ಮರ ಜೋಡಿಸಬಹುದು, ಇಡೀ ತೊಲೆ ಬದಲಾಯಿಸಬೇಕಾಗಿಲ್ಲ, ಆದರೆ ಅದನ್ನು ಬಂದು ನೋಡಿಯೇ ಹೇಳಬೇಕು. ಇಬ್ಬರೂ ನನಗೆ ನಂಬರ್ ಕಳಿಸಿ.

ತೀರ್ಥಹಳ್ಳಿ ತೊಟ್ಟಿಮನೆ: ಅಣ್ಣಾ, ದೊಡ್ಡಮ್ಮನ ಮಂಚ ಈಚೆ ತರಲು ಯಾರಾದರೂ ಇದ್ದಾರಾ? ಜಾಕಿ ಬಾಡಿಗೆ ನಾನು ಹಾಕುತ್ತೇನೆ.

ತೊಟ್ಟಿಮನೆ ಪಾಲುದಾರ: ಮಂಚ ಬೇಡ ಅಂತಾರೆ, ಚಾಪೆ ಸಾಕಂತೆ. ಫೋನ್ ಮಾಡು, ತೆಗೆಯುತ್ತೇನೆ.

ಅಡ್ಮಿನ್: ತೀರ್ಥಹಳ್ಳಿ ಮನೆಯನ್ನು ಸದ್ಯಕ್ಕೆ ಪಟ್ಟಿಯಿಂದ ತೆಗೆದಿದ್ದೇನೆ. ಮೇಡಂ ಇವತ್ತಿಗೆ ಇಷ್ಟೇ ಅಂದಿದ್ದಾರೆ.

ಶಿರಸಿಯ ಅಕ್ಕ: ಕಾರು ಎಲ್ಲಿ ನಿಲ್ಲಿಸುವುದು ಅಂತ ಯಾರೂ ಹೇಳಲಿಲ್ಲ.