ಅಪ್‌ಡೇಟ್: ಗೇಮ್ ಡಿಸ್ಕ್‌ನ ದುಡ್ಡು ವಾಪಸ್ ಬಂತು

ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹೊಸದಾಗಿ ಓದುವವರಿಗೆ ವಿಷಯ ಇಷ್ಟು: ತಮ್ಮನಿಗೆಂದು ಆನ್‌ಲೈನ್‌ನಲ್ಲಿ ಪಿಎಸ್5 (ಪ್ಲೇಸ್ಟೇಷನ್ 5) ಗೇಮ್ ತರಿಸಿದ್ದೆ. ಶಿರಸಿಯ ಮನೆಗೆ ಬಂದ ಡಬ್ಬಿಯೊಳಗೆ ಬೇರೆಯೇ ಗೇಮಿನ, ಗೀರು ಬಿದ್ದ ಡಿಸ್ಕ್ ಇತ್ತು. ‘ಸೀಲ್ ಒಡೆದ ಮೇಲೆ ವಾಪಸ್ ಇಲ್ಲ’ ಎಂದು ಮಾರಿದವರು ಕೈ ತೊಳೆದುಕೊಂಡಿದ್ದರು. ಸೀಲ್ ಒಡೆಯದೆ ಒಳಗಿನದು ಗೊತ್ತಾಗುವುದು ಹೇಗೆ, ಅಲ್ವಾ? ಏನು ಮಾಡಲಿ ಎಂದು ಇಲ್ಲಿ ಕೇಳಿದ್ದೆ.

ನೀವು ಹೇಳಿದಂತೆ ಮೊದಲು ಆ ಸೈಟಿನ ದೂರು ಅಧಿಕಾರಿಗೆ ಮೇಲ್ ಹಾಕಿದೆ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ದೂರು ತಲುಪಿದೆ ಎಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಉತ್ತರವೇ ಬರಲಿಲ್ಲ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದೆ. ಕನ್ನಡದಲ್ಲೇ ಮಾತಾಡಿ ದೂರು ಬರೆದುಕೊಂಡರು. ಬಿಲ್ಲು ಮತ್ತು ಡಬ್ಬಿ ಬಿಚ್ಚುವಾಗ ತಮ್ಮ ತೆಗೆದಿದ್ದ ವಿಡಿಯೋ ಕಳಿಸಿದೆ. ಆ ವಿಡಿಯೋನೇ ಜಾಸ್ತಿ ಕೆಲಸಕ್ಕೆ ಬಂತು. ಪೂರ್ತಿ ದುಡ್ಡು ಖಾತೆಗೆ ಬಿದ್ದಿದೆ.

ಆಗದಿದ್ದರೆ ಘಟ್ಟ ಇಳಿದು ಕಾರವಾರದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಲು ತಯಾರಾಗಿದ್ದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ, ಮಾರಿದವರು ಎಲ್ಲೇ ಇದ್ದರೂ ನಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವೂ ಇಲ್ಲ. ದುಡ್ಡು ಸಣ್ಣದೆಂದು ಸುಮ್ನೆ ಬಿಡಬೇಡಿ.